ಸ್ಥಳೀಯ ಹೆಸರು

ಅಡೂರಿನಾಚೆ ಕಾಡತೋಡು. ಏಳನೇ ಕಲ್ಲು.
ಮಗುಚಿದೆ; ಏನಿಲ್ಲ. ಸೊನ್ನೆ ಬರೆದೆ.
ಮಾಂಕು ನಾಯ್ಕರು, ಇಪ್ಪತ್ತು ಸುರಂಗ ತೋಡಿದವರು,
ಹಸಿ ದೋಸೆಯ ಅಂಚೆತ್ತುವ ಹಾಗೆ
ಮತ್ತೆ ಅದೇ ಕಲ್ಲೆತ್ತಿ,
“ಟಾರ್ಚು ಆರಿಸಿ ಟೀಚರೇ, ಅದಕ್ಕೆ ಬೆಳಕು ಆಗಿಬರುವುದಿಲ್ಲ.”

ಕಾದೆವು. ಹಿಮ್ಮಡಿ ಮರಗಟ್ಟಿತು.
ಕೋಳಿ ಈಲಿಯ ಚೂರಿನ ಕಡೆಗೆ
ಒಂದು ಕಂದು ಗೀಟು
ತೆವಳದೆ, ಈಜದೆ,
ಬರೀ ಜಾರಿ ಬಂತು —
ಉಗುರಿನಷ್ಟು ಉದ್ದ, ಮೆಳ್ಳಗಣ್ಣು.
ತುಂಡರಿಸಿದರೆ ತುಂಡೊಂದೊಂದಕ್ಕೂ ತಲೆ ಬರುತ್ತದೆ ಎಂದೆ.
“ಹಾಗಾದರೆ ತುಂಡರಿಸುವುದು ಯಾಕೆ?” ಎಂದರು.

ನಮೂನೆಯಲ್ಲೊಂದು ಕಲಂ ಬಾಕಿ: ಸ್ಥಳೀಯ ಹೆಸರು.
ತುಳುವಿನಲ್ಲಿ ಹುಡುಕಿದರು, ಮಲಯಾಳದಲ್ಲಿ,
ಮನೆಯ ಮರಾಟಿಯಲ್ಲಿ;
ಆಮೇಲೆ ಕೈ ತೊಳೆದು,
“ಯಾರಿಗೂ ಉಪದ್ರ ಮಾಡದ್ದಕ್ಕೆ ಯಾರು ಹೆಸರಿಡುತ್ತಾರೆ?”

ಸೊನ್ನೆ ಹೊಡೆದುಹಾಕಿದೆ.
ಕಲ್ಲನ್ನು ಅವರೇ, ಪಾಚಿಯ ಮಗ್ಗುಲು ಮೇಲಾಗಿ,
ಮೊದಲಿದ್ದಲ್ಲೇ ಮಲಗಿಸಿದರು.