ಬೀಗದಂಗಡಿಯ ಮೆಟ್ಟಿಲು

ಒಂಬತ್ತು ರಾತ್ರಿ ಮರಾಠಿಯಲ್ಲೇ ಬೇಡವೆಂದಳು.
ಹತ್ತನೆಯ ರಾತ್ರಿ, ಚೀಲಕ್ಕೆ ಬಾಯಿಟ್ಟ ನಾಯಿಗೆ
'ಭಾಡ್ಯಾ, ನಿನ್ನ ಬಾಯಾಗ ಮಣ್ಣ ಬೀಳ' ಎಂದಳಲ್ಲ,
ನನ್ನ ಕೈಯ ಟಾರ್ಚು ತಾನೇ ಕೆಳಗಿಳಿಯಿತು.
ಯಾವೂರವ್ವಾ, ಎಂದೆ.
ಇದೇ ಊರು, ಎಂದಳು.

ಪುಣೆ, ರವಿವಾರ ಪೇಠೆ, ಬೋಹರಿ ಆಳಿ.
ಹಗಲೆಲ್ಲ ಮೊಳೆ, ಸರಪಳಿ, ತಿರುಪು, ತಕ್ಕಡಿ;
ಹತ್ತು ಹೊಡೆದ ಮೇಲೆ ಇಳಿದ ಶಟರುಗಳ ಸಾಲು.
ಮುಸ್ತನ್‌ಸಿರ್ ಸೇಠರ ಬೀಗದಂಗಡಿಯ
ಎರಡು ಮೆಟ್ಟಿಲು ಅವಳವು.
ಮೇಲಿನದು ಮಲಗಲು, ಕೆಳಗಿನದು ಚಪ್ಪಲಿಗೆ.
ಹನ್ನೊಂದು ಮಳೆಗಾಲ.

ನನ್ನ ಫೈಲಿನಲ್ಲಿ ಅವಳು
'ನಿರ್ವಸತಿ ಮಹಿಳೆ, ಅಂದಾಜು ಐವತ್ತೈದು.'
ಅವಳ ಲೆಕ್ಕದಲ್ಲಿ ಅವಳು ನೌಕರಿಯಲ್ಲಿದ್ದಾಳೆ.
'ಸೇಠ ದಿನಾ ಹತ್ತ್ ರೂಪಾಯಿ ಕೊಡ್ತಾನ, ಒಂದ್ ಚಾ.
ನಾ ಬಂದ್ರ ಈ ಬಾಗ್ಲಾ ಯಾರ್ ಕಾಯ್ತಾರ, ನಿಮ್ಮಪ್ಪ?'

ನಮ್ಮಪ್ಪ ತೀರಿಕೊಂಡಿದ್ದಾನೆ, ಎಂದೆ.
ಒಂದು ಗಳಿಗೆ ಸುಮ್ಮನಿದ್ದು,
ಸರಿದು, ಮೆಟ್ಟಿಲಲ್ಲಿ ಜಾಗ ಮಾಡಿದಳು.
ಕುಳಿತೆ.

ನಮ್ಮ ಆಸರೆಮನೆ ಹಳೆಯ ಮುನಿಸಿಪಾಲಿಟಿ ಶಾಲೆ.
ಗೋಡೆಯ ಮೇಲೆ ಇನ್ನೂ ಮಗ್ಗಿ, ಹದಿಮೂರರವರೆಗೆ.
ಹದಿನೆಂಟು ಮಂಚ. ಬಿಸಿನೀರು ವಾರಕ್ಕೆ ನಾಲ್ಕು ದಿನ,
ಜಗಳ ಏಳೂ ದಿನ.
ಎಲ್ಲ ಹೇಳಿದೆ. ಜಗಳದ ಮಾತು ಅವಳಿಗೆ ಹಿಡಿಸಿತು.

ಬಂದದ್ದು ಮಾತ್ರ ನನ್ನ ಮಾತಿನಿಂದಲ್ಲ, ಕಾಲಿನಿಂದ.
ಹಿಂದೆ ಹಿಂದೆ ಬಂದ ಟೆಂಪೊ ಹೆಬ್ಬೆರಳು ಜಜ್ಜಿ,
ಅದು ಬಾತು, ಕೀವಾಗಿ,
ಆಸ್ಪತ್ರೆಯ ಸಾಲಿನಲ್ಲಿ ನಸೀಮಾ ಮೂರು ತಾಸು ನಿಂತಳು.
ಕಿಟಕಿಯವನು ಹೆಸರು ಕೇಳಿದ.
ಯಾವುದನ್ನು ಹೇಳಲಿ ಎನ್ನುವಂತೆ ನಮ್ಮತ್ತ ತಿರುಗಿ
ಆಮೇಲೆ, ಶಾವಂತ್ರೆವ್ವ, ಎಂದಳು,
ಬಹುಕಾಲ ಮಡಿಚಿಟ್ಟ ಸೀರೆ ಬಿಚ್ಚಿದ ಹಾಗೆ,
ಮಡಿಕೆಯಲ್ಲೇ ಹರಿದೀತೆಂಬ ಅಳುಕಿನಲ್ಲಿ.

ಏಳನೆಯ ಮಂಚ ಕೊಟ್ಟೆವು.
ಬೆಳಗಿನ ಜಾವ ನೋಡಿದರೆ
ಹೊಸ್ತಿಲಿಗೆ ಅಡ್ಡ ಮಲಗಿದ್ದಾಳೆ.
ಹಾಲಿನವನು ದಾಟಿದ, ನಸೀಮಾ ದಾಟಿದಳು,
ನಾನು ಎಬ್ಬಿಸಿದೆ, ಬೈಸಿಕೊಂಡೆ.
'ಒಳಗ ಹದಿನೇಳು ಮಂದಿ ಹೆಣ್ಮಕ್ಕಳು.
ಈ ಬಾಗ್ಲಾ ನೋಡೀಯೇನು? ಒಂದ್ ಒದಿಗಿ ಬೀಳ್ತದ.'
ಮೂರು ವರ್ಷಕ್ಕೆ ಮೊದಲ ಸಲ
ಆ ಬಾಗಿಲನ್ನು ನೋಡಿದೆವು. ನಿಜ.

ಎರಡು ಸಲ ಮೆಟ್ಟಿಲಿಗೆ ಮರಳಿ ಹೋದಳು.
ಮೊದಲ ಸಲ ನನಗೆ ಸಿಟ್ಟು ಬಂತು,
ತಿಂಗಳ ವರದಿಯಲ್ಲಿ ಅಂಕಿ ಒಂದು ಇಳಿಯಿತು.
ಎರಡನೆಯ ಸಲ ಅವಳ ಮಾತ್ರೆ ಒಯ್ದು ಕೊಟ್ಟೆ, ಅಷ್ಟೇ.
ಬಾ ಎನ್ನಲಿಲ್ಲ.

ಮೂರನೆಯ ಸಲ ತಾನೇ ಬಂದು ಕೇಳಿದ್ದು
ಟ್ರಂಕಿಗೊಂದು ಬೀಗ.
ಸಾವಿರ ಬೀಗಗಳಿಗೆ ಬೆನ್ನು ಕೊಟ್ಟು ಮಲಗಿದವಳಿಗೆ
ಅಲ್ಲಿಯವರೆಗೆ
ಬೀಗ ಹಾಕುವಂಥದ್ದು ಏನೂ ಇರಲಿಲ್ಲ.

ಸೇಠರ ಅಂಗಡಿಗೇ ಹೋದೆ.
ಮಾವ್ಶಿ ಇದ್ದಾಳೆಯೇ, ಎಂದರು.
'ಅವಳು ಹೋದ ಮೇಲೆ ಕಂಡಕಂಡವರು
ಮೆಟ್ಟಿಲ ಮೇಲೆ ಉಚ್ಚೆ ಹೊಯ್ಯುತ್ತಾರೆ'
ಎಂದು ನನ್ನನ್ನೇ ದುರುಗುಟ್ಟಿ,
ಹಿತ್ತಾಳೆಯದೊಂದನ್ನು ಹುಡುಕಿ, ಒರೆಸಿ,
ಹತ್ತು ರೂಪಾಯಿ ಬಿಟ್ಟು ಕೊಟ್ಟರು.
ಒಂದು ರಾತ್ರಿಯ ಸಂಬಳ.

ಕೀಲಿಕೈ ಎರಡು.
ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.
ಇನ್ನೊಂದನ್ನು ನನ್ನೆದುರು ಹಿಡಿದು,
'ಇಟ್ಗೊ. ಕಳೀಬ್ಯಾಡ.'
ಟ್ರಂಕಿನಲ್ಲಿ ಏನಿದೆಯೆಂದು ನಾನು ಕೇಳಿಲ್ಲ.

ಹಾಸಿಗೆ ಈಗ ಹೊಸ್ತಿಲಿಂದ ಎರಡು ಮೊಳ ಒಳಗೆ.
ಮಂಚಕ್ಕೆ ಇನ್ನೂ ದೂರವಿದೆ.
ಯಾರೂ ಅಳೆಯುತ್ತಿಲ್ಲವೆಂದರೆ ಸುಳ್ಳಾದೀತು;
ನಸೀಮಾ ಕಸ ಗುಡಿಸುತ್ತ ಫರಸಿ ಎಣಿಸುತ್ತಾಳೆ.
ಬಾಗಿಲಿಗೆ ಹೊಸ ಅಗಳಿ ಬಂದಿದೆ.
ರಾತ್ರಿ ಅದನ್ನು ಹಾಕುವವಳು ಶಾವಂತ್ರೆವ್ವ.
ಹಾಕಿ, ಒಮ್ಮೆ ಜಗ್ಗಿ,
ಇನ್ನೊಮ್ಮೆ ಜಗ್ಗಿ,
ಆಮೇಲೆ ನನಗೆ ಕೈ ಎತ್ತುತ್ತಾಳೆ,
ಇನ್ನು ಲೈಟು ಆರಿಸು ಎಂದು.