ಹದಿನೈದು ಜೊತೆ

ಕಾರವಾರದ ಕಲ್ಲಿನಡಿಯಿಂದ ಎದ್ದು
ಮೂರು ಬಸ್ಸು ಬದಲಿಸಿ ಚಿಕ್ಕಮಗಳೂರಿಗೆ ಬಂದ ಹುಳಗಳು
ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಮಲಗಿದ್ದವು.
ಅವುಗಳ ಹುರುಪೆ ಸ್ಪಿರಿಟ್ಟಿನಲ್ಲಿ ತೇಲುತ್ತಿತ್ತು.
ಒಂದೂ ಬೆನ್ನ ಮೇಲಿಲ್ಲ.

ಅದು ಅವುಗಳ ಗುಣ. ಮುಟ್ಟಿದರೆ ಮುನಿಯುವುದಿಲ್ಲ,
ಹೊದ್ದದ್ದನ್ನು ಹಿಡಿದವರ ಕೈಗೇ ಬಿಟ್ಟು ನುಸುಳುತ್ತವೆ.
ಹುರುಪೆಯಿಲ್ಲದ ಹುರುಪೆಹುಳಕ್ಕೆ
ಯಾವ ಹೆಸರು ಬರೆಯಲಿ?
ನನ್ನ ಎರಡೂ ಕಣ್ಣಿಗೆ ಪೊರೆ,
ಆಪರೇಷನ್ ಡಿಸೆಂಬರಿಗೆ.

ದೇವೀರಮ್ಮ ಬಂದಳು ಕ್ಯೂರಿಂಗ್ ವರ್ಕ್ಸಿನ ಪಾಳಿ ಮುಗಿಸಿ,
ಸೆರಗಿನ ತುಂಬ ಕಾಫಿಸಿಪ್ಪೆಯ ಧೂಳು.
ಇಪ್ಪತ್ತೆರಡು ವರ್ಷ ಬೀಜ ಆರಿಸಿದ ಬೆರಳು:
ಎ, ಬಿ, ಕರಿಬೀಜ, ಒಡಕು,
ಹಣ್ಣಿನೊಳಗೆ ಒಂದೇ ಇದ್ದು ದುಂಡಗಾದದ್ದು ಪೀಬಿ.
ಕರೆಂಟು ಹೋದರೂ ಅವಳ ಕೈ ನಿಲ್ಲುವುದಿಲ್ಲವಂತೆ.

"ಏನು ಸಾರ್ ಇದು, ಜರಿಯಾ?"
ಜರಿಯಲ್ಲ. ಜರಿಯ ಕಾಲಿಗೆ ಕೀಲುಂಟು,
ಇದರದು ಬರೀ ತೊಗಲಿನ ಮಡಿಕೆ, ಎರಡು ಕವಲು,
ಕವಲಿಗೊಂದು ಗಾಜಿನ ಕಡ್ಡಿಯ ಪೊರಕೆ.
ತಲೆಗೆ ನಾಲ್ಕು ಕಣ್ಣು, ಮೂರು ಮೀಸೆ.
ಗಂಟಲನ್ನು ಚೀಲದ ಹಾಗೆ ಒಳಹೊರಗು ಮಾಡಿ ಚಾಚಿದರೆ
ತುದಿಯಲ್ಲಿ ನಾಲ್ಕು ಹಲ್ಲು.
"ನಮ್ಮ ಮೇಸ್ತ್ರಿ," ಅಂದಳು.

"ಜಾತಿ ಯಾವುದು ಇದರದು?"
ಅದನ್ನೇ ಹುಡುಕುತ್ತಿದ್ದೇನೆ, ಅಂದೆ.
ವಂಶ ಗೊತ್ತು: ಉಂಗುರದ ಮೈಯವು.
ವರ್ಗ ಗೊತ್ತು: ಬಹುಕೂದಲಿನವು.
ಕುಟುಂಬ ಪಾಲಿನಾಯ್ಡೇ.
"ನಾಯ್ಡುಗಳಾ?"
ನಕ್ಕೆ. ಅವಳು ನಗಲಿಲ್ಲ.
"ಜಾತೀನ ಬೆನ್ನು ನೋಡಿ ಹೇಳ್ತಾರಾ?"
ಹೂಂ, ಎಣಿಸಿ ಹೇಳುತ್ತಾರೆ.
"ನಮ್ಮೂರಲ್ಲಿ ನೀರು ಹಾಕೋ ಎತ್ತರ ನೋಡಿ ಹೇಳಬಹುದು,"
ಅಂದು ಲೆನ್ಸಿಗೆ ಕಣ್ಣು ಹಚ್ಚಿದಳು.
ನಾನು ಇಕ್ಕಳ ಒರೆಸಿದೆ. ಮತ್ತೆ ಒರೆಸಿದೆ.

ಹುರುಪೆ ಹೋದರೂ ಅದು ಕೂತ ಮೊಟಕು ಉಳಿದಿರುತ್ತದೆ,
ತೊಟ್ಟು ಕಿತ್ತ ಜಾಗದ ಹಾಗೆ.
ಆದರೆ ಸಾಲಾಗಿ ಬರುವುದಿಲ್ಲ.
ಎರಡನೇ ಉಂಗುರದಲ್ಲಿ, ನಾಲ್ಕರಲ್ಲಿ, ಐದರಲ್ಲಿ, ಏಳರಲ್ಲಿ,
ಆಮೇಲೆ ಒಂದು ಬಿಟ್ಟು ಒಂದು, ಇಪ್ಪತ್ತಮೂರರ ತನಕ,
ಆಮೇಲೆ ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೆರಡು.
ಬಿಟ್ಟ ಉಂಗುರದ ಮೇಲೆ ಒಂದು ಎಳೆ ಮಾತ್ರ.
ಹನ್ನೆರಡು ಜೊತೆ ಆದರೆ ಎಡದ ದಾರಿ,
ಹದಿನೈದಾದರೆ ಬಲದ್ದು.

ಒಂದೇ ಸಲ ಹೇಳಿದ್ದು.
ಎರಡು, ನಾಲ್ಕು, ಐದು, ಏಳು
ಎಂದು ತುಟಿಯಲ್ಲೇ ಮಗ್ಗಿ ಕಟ್ಟಿಕೊಂಡಳು,
ಯಾವ ಮಗ್ಗಿಗೂ ಸೇರದ ಮಗ್ಗಿ.

ದೀಪ ಹಾಕುವ ಹೊತ್ತಿಗೆ ಏಳು ಹುಳ, ಏಳು ತಟ್ಟೆ,
ಪ್ರತಿಯೊಂದರ ಪಕ್ಕಕ್ಕೂ ಅದರದರ ಹುರುಪೆ.
ಇದು ಇದರದೇ ಅಂತ ಹೇಗೆ?
"ಅಂಚು ನೋಡಿ. ಇದಕ್ಕೆ ಜಾಲರಿ, ಅದಕ್ಕಿಲ್ಲ.
ಮೊದಲ ಜೊತೆ ದುಂಡು,
ಮಿಕ್ಕವು ಅವರೆಕಾಳು. ನಿಮಗೆ ಕಾಣಲ್ವಾ?"
ಕಾಣುವುದಿಲ್ಲ, ಅಂದೆ.
ಆರು ಹುಳಕ್ಕೆ ಹದಿನೈದು. ಒಂದಕ್ಕೆ ಹನ್ನೆರಡು.
ನಾನು ಏಳನ್ನೂ ಒಂದೇ ಎಂದು ಬರೆದಿಟ್ಟಿದ್ದೆ,
ಹೊಡೆದುಹಾಕಿದೆ.

ಕೊನೆಗೆ ಒಂದು ಹುರುಪೆ ಮಿಕ್ಕಿತು.
ಯಾವ ಮೊಟಕಿಗೂ ಹೊಂದದು.
"ಪೀಬಿ," ಅಂದು ಬೇರೆ ಸೀಸೆಗೆ ಹಾಕಿದಳು.
ಹಾಗಾದರೆ ಕಾರವಾರದಲ್ಲಿ ಒಂದು ಹುಳ
ಇಷ್ಟನ್ನೇ ಕೊಟ್ಟು ತಪ್ಪಿಸಿಕೊಂಡಿದೆ.
ಈ ಹೊತ್ತಿಗೆ ಆ ಖಾಲಿ ಜಾಗದಲ್ಲಿ
ಹೊಸದು ಚಿಗುರಿರಬೇಕು, ಮಿಕ್ಕವಕ್ಕಿಂತ ತೆಳ್ಳಗೆ.

ಹೋಗುವಾಗ ಬೆರಳು ಮೂಸಿಕೊಂಡಳು.
"ಸಮುದ್ರದ ವಾಸನೆ ಹಿಂಗಿರುತ್ತಾ?"
ಅಲ್ಲ, ಅದು ಸ್ಪಿರಿಟ್ಟಿನದು.
"ಹೌದಾ," ಅಂದಳು,
ಮತ್ತೊಮ್ಮೆ ಮೂಸಿದಳು.