ಚಿಲಕ ಯಾವ ಕಡೆಗೆ

ಲೇವಾರ್ಡನ್ನಿನ ಈ ಓಣಿಯಲ್ಲಿ
ಯಾರ ಕಿಟಕಿಗೂ ಪರದೆಯಿಲ್ಲ.
ಸಂಜೆ ದೀಪ ಹಾಕಿದರೆ
ಊಟದ ಮೇಜು, ಬೆಕ್ಕು, ಬಿಚ್ಚಿಟ್ಟ ಮೊಣಕಾಲಪಟ್ಟಿ
ಎಲ್ಲವೂ ಬೀದಿಗೆ ಬಟಾಬಯಲು.
ಸೈಕಲ್ಲಿನವರು ನೋಡುತ್ತಾರೆ,
ಸೇತುವೆ ದಾಟುವಷ್ಟರಲ್ಲಿ ಮರೆಯುತ್ತಾರೆ.

ಮರೆಯಲು ಬಾರದ ಬೀದಿ ಕಟ್ಟುವುದು
ವೀಟ್ಸ್ಕೆಯ ಕೆಲಸ.

ಇವತ್ತು ಬೆಳಗ್ಗೆ ಒಂದು ದೂರು:
'ಊರು ಬಿಟ್ಟೆ, ನಂಬರು ಬಿಟ್ಟೆ, ಅವನ ಅಡ್ಡಹೆಸರೂ ಬಿಟ್ಟೆ.
ಆದರೂ ಅವನ ಫೋನಿಗೆ ನನ್ನ ಮುಖ ಕಳಿಸಿ
ಇವರು ನಿಮಗೆ ಗೊತ್ತಿರಬಹುದು ಅಂದಿರಿ.
ಗೊತ್ತು.
ನನ್ನ ಎಡಗೈ ಮೂಳೆಗೂ ಗೊತ್ತು.'

ಎಳೆ ಹಿಡಿದು ಹೋದರೆ ಸಿಕ್ಕಿದ್ದು
ಒಬ್ಬ ಹಲ್ಲಿನ ಡಾಕ್ಟರು, ಪಾಪದವನು,
ಇಬ್ಬರ ನಂಬರೂ ಇಟ್ಟುಕೊಂಡಿದ್ದವನು,
ಯಾವುದೋ ಅವಸರದಲ್ಲಿ ಬೆರಳು ಜಾರಿಸಿ
'ಮುಂದೆ' ಒತ್ತಿದವನು.

'ನನ್ನವರನ್ನೆಲ್ಲ ಹುಡುಕಿಕೊಡಿ' ಎಂಬ ಚೌಕದಲ್ಲಿ
ಟಿಕ್ಕು ಮೊದಲೇ ಬಿದ್ದಿತ್ತು.
ಹಾಕಿದವಳು ಇವಳೇ,
ಮೂರು ವರ್ಷದ ಹಿಂದೆ, ಒಂದು ಶುಕ್ರವಾರ,
ಯಾರದೋ ಹುಟ್ಟುಹಬ್ಬದ ಕೇಕು ತಿನ್ನುತ್ತ.

ಮಧ್ಯಾಹ್ನ ಸಭೆ. ಹಿಡ್ಜರ್ ಕೇಳಿದ,
'ತೆಗೆದರೆ ಗ್ರಾಫು ಬೀಳುತ್ತಲ್ಲ?'
'ಬೀಳಲಿ.
ಚಿಲಕ ಹೊರಗಡೆಯಿರುವ ಕೋಣೆಗೆ
ನಮ್ಮಜ್ಜಿ ಮನೆ ಅನ್ನುತ್ತಿರಲಿಲ್ಲ.'
ಯಾರೂ ಮಾತಾಡಲಿಲ್ಲ. ಯಾರೋ ಕಾಫಿ ಕಲಕಿದರು.

ಒಂದೇ ಒಂದು ಸಾಲು. ಅಳಿಸಿದಳು.
ಆ ಹೆಂಗಸಿಗೆ ಬರೆಯಬೇಕಾದ ಉತ್ತರ ಮಾತ್ರ
'ಪ್ರಿಯ' ಎಂಬಲ್ಲೇ ನಿಂತಿದೆ.

ರಾತ್ರಿ ಲೈಟು ಹಾಕದೆ
ತನ್ನ ಕಿಟಕಿಯ ಅಗಲವನ್ನು
ಗೇಣು ಹಾಕಿ ಅಳೆದಳು:
ಒಂಬತ್ತು,
ಮೇಲೆ ನಾಲ್ಕು ಬೆರಳು.